ಪೇಟೆಗೆ ಜನ ಯಾಕೆ ಬರುತ್ತಿದ್ದರು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಜವಳಿ ವ್ಯಾಪಾರಿಯೊಬ್ಬರು ನಮ್ಮ ಪತ್ರಿಕೆಗೆ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇದು:

‘ನಿಮ್ಮ ಹಬ್ಬದ ಸಂಚಿಕೆಯ ಒಳಗೆ ಕಾಸರಗೋಡಿನ ಕನ್ನಡ ಉಳಿಸಿ ಎಂಬ ಲೇಖನ, ಹಿಂಬದಿಯಲ್ಲಿ ಮಂಗಳೂರಿನ ದೊಡ್ಡ ಜವಳಿ ಮಳಿಗೆಯ ಜಾಹೀರಾತು. ನಮ್ಮಲ್ಲಿ ಮೂರು ತಲೆಮಾರಿನಿಂದ ಕನ್ನಡದಲ್ಲೇ ವ್ಯಾಪಾರ. ಈಗ ಹೆಂಗಸರು ಬಂದು ಸೀರೆ ಮುಟ್ಟಿ ನೋಡಿ, ಫೋಟೊ ತೆಗೆದು, ಆನ್‌ಲೈನಿನಲ್ಲಿ ತರಿಸುತ್ತಾರೆ. ಹೈವೇ ಆದ ಮೇಲೆ ಅರ್ಧ ಗಿರಾಕಿ ಹೋಯಿತು. ಊರಲ್ಲೇ ಕೊಳ್ಳಿ ಅಂತ ನೀವೊಂದು ಮಾತು ಬರೆಯಬಾರದೇ? ಇಲ್ಲವಾದರೆ ಅಂಗಡಿ ಮುಚ್ಚುವುದೇ ವಾಸಿ ಅಂತ ನೇರವಾಗಿ ಹೇಳಿ.’

ಸಂಪಾದಕರ ಉತ್ತರ:

ಜಾಹೀರಾತಿನ ವಿಷಯ ಮೊದಲು ಮುಗಿಸೋಣ. ಆ ಒಂದು ಪುಟದ ಹಣದಿಂದ ಆ ಸಂಚಿಕೆಗೆ ಕಾಗದ ಬಂತು. ಹಿಂದೆ ಕುಂಬಳೆ, ಬದಿಯಡ್ಕ, ಉಪ್ಪಳದ ಅಂಗಡಿಯವರು ಕಾಲು ಪುಟ, ಅರ್ಧ ಪುಟ ಶುಭಾಶಯ ಕೊಡುತ್ತಿದ್ದರು. ಅದು ನಿಂತಿತು. ಯಾಕೆ ನಿಂತಿತು ಅಂತ ನಿಮಗೆ ನಾನು ಹೇಳಬೇಕೇ? ಮಂಗಳೂರಿನವರು ಕೊಟ್ಟರೆ ಮುಂದೆಯೂ ಹಾಕುತ್ತೇವೆ.

ಇನ್ನು ‘ಊರಲ್ಲೇ ಕೊಳ್ಳಿ’ ಎಂಬ ಮಾತು. ಬರೆಯುವುದು ಸುಲಭ, ಆದರೆ ಬರೆಯುವುದಿಲ್ಲ. ಬೇಸರ ಮಾಡಬೇಡಿ ಮಾರಾಯ್ರೆ, ಜನ ನಿಮ್ಮ ಅಂಗಡಿಗೆಂದೇ ಪೇಟೆಗೆ ಬರುತ್ತಿದ್ದದ್ದು ಮದುವೆಗೋ ಹಬ್ಬಕ್ಕೋ ಮಾತ್ರ. ಉಳಿದ ದಿನ ಬರುತ್ತಿದ್ದದ್ದು ಬೇರೆ ಕೆಲಸಕ್ಕೆ. ಅಡಿಕೆ ಮಾರಲು ಬರುತ್ತಿದ್ದರು. ಗಲ್ಫಿನಿಂದ ಮಗ ಕಳಿಸಿದ ಡ್ರಾಫ್ಟನ್ನು ಬ್ಯಾಂಕಿಗೆ ಹಾಕಲು, ಕರೆಂಟ್ ಬಿಲ್ಲು ಕಟ್ಟಲು, ಟಾಕೀಸಿಗೆ ಬರುತ್ತಿದ್ದರು. ಕೆಲಸ ಮುಗಿದರೂ ಊರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುತ್ತಿತ್ತು. ಆ ಅರ್ಧ ಗಂಟೆಯಲ್ಲಿ ನಿಮ್ಮ ಮೆಟ್ಟಿಲು ಹತ್ತಿ ಒಂದು ಮುಂಡು (ಪಂಚೆ), ಎರಡು ಬೈರಾಸು (ಟವೆಲು), ಮಗುವಿಗೊಂದು ಚಡ್ಡಿ ತೆಗೆದುಕೊಳ್ಳುತ್ತಿದ್ದರು. ನಿಮ್ಮ ಅಜ್ಜನ ಅಂಗಡಿಗೆ ನಿತ್ಯದ ಅನ್ನ ಹಾಕಿದ್ದು ಆ ಅರ್ಧ ಗಂಟೆ.

ಈಗ ಬಿಲ್ಲು ಫೋನಿನಲ್ಲಿ. ಯುಪಿಐ ಬಂದದ್ದು 2016ರಲ್ಲಿ, ಅದೇ ವರ್ಷ ನವೆಂಬರ್ 8ರಂದು 500, 1000ದ ನೋಟು ರದ್ದಾಯಿತು. ಬ್ಯಾಂಕಿಗೆ ಹೋಗುವ ಅಭ್ಯಾಸವೇ ಮೆಲ್ಲ ಬಿಟ್ಟುಹೋಯಿತು. ಸಿನಿಮಾ ಮನೆಯಲ್ಲೇ ನೋಡುತ್ತಾರೆ. ಮನೆಮನೆಗೆ ಸ್ಕೂಟರ್ ಬಂದ ಮೇಲೆ ಬಸ್ಸಿಗೆ ಕಾಯುವವರೂ ಕಮ್ಮಿ. ಹೊರಡುವ ಕಾರಣವೇ ಇಲ್ಲದವನಿಗೆ ‘ಊರಲ್ಲೇ ಕೊಳ್ಳಿ’ ಅಂದರೆ ಅವನು ಏನು ಮಾಡಬೇಕು?

ಇದು ಆನ್‌ಲೈನಿಗಿಂತ ಹಳೆಯ ಕಥೆ. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಕಲೆಕ್ಟರೇಟು, ಕೋರ್ಟು ಎಲ್ಲ ಇರುವುದು ಪೇಟೆಯಲ್ಲಲ್ಲ, ವಿದ್ಯಾನಗರದಲ್ಲಿ. ಹೊಸ ಬಸ್‌ಸ್ಟ್ಯಾಂಡ್ ಆದಾಗ ಹಳೆ ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿಯವರು ನಿಮ್ಮ ಹಾಗೆಯೇ ಗೊಣಗಿದ್ದರು. ಆಗ ಆನ್‌ಲೈನ್ ವ್ಯಾಪಾರ ಇರಲಿಲ್ಲ. ಗಲ್ಫಿನ ಸಾಮಾನು ಮಾರುತ್ತಿದ್ದ ನಮ್ಮ ‘ಫಾರಿನ್ ಅಂಗಡಿ’ಗಳು ನೆನಪಿವೆಯಾ? ಸೆಂಟು, ಟಾರ್ಚು, ಟ್ಯಾಂಗ್ ಪುಡಿ, ಮಡಚುವ ಕೊಡೆ. ಆ ಸಾಮಾನೆಲ್ಲ ಇಲ್ಲಿಯೇ ಎಲ್ಲ ಕಡೆ ಸಿಗಲು ಶುರುವಾದ ಮೇಲೆ ಒಂದೊಂದಾಗಿ ಹೋದವು. ಅವರ ಪರವಾಗಿ ನಮಗೆ ಒಂದು ಪತ್ರವೂ ಬರಲಿಲ್ಲ. ಜವಳಿಯವರೂ ಬರೆಯಲಿಲ್ಲ.

ಮಂಗಳೂರಿನ ವಿಷಯವೂ ಹಾಗೆಯೇ. ಅಲ್ಲಿಗೆ ಹೋಗುವವರು ಸೀರೆಗೆಂದೇ ಹೋಗುವುದು ಕಮ್ಮಿ. ಆಸ್ಪತ್ರೆಗೆ ಹೋಗುತ್ತಾರೆ, ಮಕ್ಕಳ ಕಾಲೇಜಿಗೆ ಹೋಗುತ್ತಾರೆ. ಪೆಟ್ರೋಲಿಗೂ ಹೋಗುತ್ತಾರೆ! 2023ರ ಏಪ್ರಿಲಿನಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತೆಯ ಸೆಸ್ ಬಿತ್ತು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಅಗ್ಗ. ಟ್ಯಾಂಕ್ ತುಂಬಿಸಲು ಹೋದವನು ಊಟವೂ ಬಟ್ಟೆಯೂ ಅಲ್ಲೇ ಮುಗಿಸಿ ಬರುತ್ತಾನೆ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯ, ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಬೇಕಾದದ್ದೆಲ್ಲ ನಮ್ಮ ಪೇಟೆಗಳಲ್ಲೇ ಹುಡುಕಬೇಕಾಯಿತು. ಮಣ್ಣು ತೆಗೆದ ಮೇಲೆ ಏನಾಯಿತು ಅಂತ ನೀವೇ ನೋಡಿದ್ದೀರಿ.

ಹೈವೇಯ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಪೂರ್ತಿ ಹೇಳಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ರಸ್ತೆ ಆರು ಪಥವಾಯಿತು. ಕಾಸರಗೋಡು ಪೇಟೆಯಲ್ಲಿ ಕರಂದಕ್ಕಾಡಿನ ಕಡೆಯಿಂದ ವಾಹನಗಳು ತಲೆಯ ಮೇಲೆಯೇ ಹಾದುಹೋಗುತ್ತವೆ. ಮೊದಲು ಬಸ್ಸಿನ ಕಿಟಕಿಯಿಂದ ನಿಮ್ಮ ಬೋರ್ಡು ಕಾಣುತ್ತಿತ್ತು. ಈಗ ದೂರದ ವಾಹನದವನಿಗೆ ಕುಂಬಳೆ ಬಂತು, ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಆಚೆ ಬದಿಯವರು ಈಚೆ ಬರಲು ಅಂಡರ್‌ಪಾಸ್ ಹುಡುಕಬೇಕು. ಕೈಯಲ್ಲಿ ಮಗು, ಚೀಲ, ಮೇಲೆ ಮಳೆ ಇದ್ದರೆ ಯಾರು ಸುತ್ತು ಹಾಕುತ್ತಾರೆ? ಹಾಗಂತ ಹಳೆ ರಸ್ತೆಯಲ್ಲಿ ಆಗುತ್ತಿದ್ದ ಅಪಘಾತಗಳನ್ನು ಮರೆಯುವ ಹಾಗಿಲ್ಲ. ರಸ್ತೆ ಬಂದಾಯಿತು, ಇನ್ನು ಹಿಂದೆ ಹೋಗುವುದಿಲ್ಲ.

ಹಾಗಾದರೆ ಕೇಳಬೇಕಾದದ್ದು ಏನು? ಬಸ್ಸು ಎಲ್ಲಿ ನಿಲ್ಲಬೇಕು, ಸರ್ವಿಸ್ ರಸ್ತೆಯಲ್ಲಿ ನೆರಳಿನ ತಂಗುದಾಣ ಇದೆಯಾ, ಅಂಡರ್‌ಪಾಸಿನಲ್ಲಿ ರಾತ್ರಿ ದೀಪ ಉರಿಯುತ್ತದಾ, ಮಳೆನೀರು ಅಂಗಡಿಯ ಮೆಟ್ಟಿಲಿಗೆ ಬರುತ್ತದಾ, ಸ್ಕೂಟರ್ ನಿಲ್ಲಿಸಲು ಜಾಗ ಇದೆಯಾ. ವ್ಯಾಪಾರಿಗಳ ಸಂಘಟನೆ ಕೇರಳದಲ್ಲಿ ಸಣ್ಣದೇನಲ್ಲ, ಶಟರ್ ಎಳೆದು ಮುಷ್ಕರ ಮಾಡುವಷ್ಟು ಬಲ ಇದೆ. ಅದೇ ಬಲವನ್ನು ಪಂಚಾಯತಿನ ಮೀಟಿಂಗಿನಲ್ಲಿ ಒಂದು ಬಸ್‌ಸ್ಟಾಪಿಗಾಗಿ ಉಪಯೋಗಿಸಿದ್ದನ್ನು ನಾನು ಕಂಡದ್ದು ಅಪರೂಪ.

ಕನ್ನಡದ ಮಾತಿಗೆ ಬರುತ್ತೇನೆ. ಕನ್ನಡಕ್ಕಾಗಿ ನಿಮ್ಮಲ್ಲಿ ಸೀರೆ ಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ. ಕುಂಬಳೆಯ ಅಂಗಡಿಯವನಿಗೆ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಬೇಕು, ನಿಮಗೆ ಅವೆಲ್ಲ ಬರುತ್ತವೆ. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಸೂತಕ, ಯಾರು ತಮ್ಮ ಅಡಿಕೆ ಮಾರಿದ ಮೇಲೆ ಹಣ ಕೊಟ್ಟರೂ ಸಾಕು ಅಂತ ನಿಮಗೆ ಗೊತ್ತು. ಇದು ಯಾವ ಆ್ಯಪಿಗೂ ಗೊತ್ತಿಲ್ಲ. ಆದರೆ ಕಡ ಬರೆಯುವ ಪುಸ್ತಕ ದಪ್ಪವಾದರೆ ಇದೇ ಗುಣ ನಿಮ್ಮನ್ನು ಮುಳುಗಿಸುತ್ತದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ತೋಟದವರ ಜೊತೆ ನೀವೂ ಕೈ ಸುಟ್ಟುಕೊಳ್ಳುತ್ತೀರಿ.

ಫೋಟೊ ತೆಗೆಯುವ ಹೆಂಗಸರನ್ನು ಬಯ್ಯಬೇಡಿ. ಅವರು ಬಟ್ಟೆ ಮುಟ್ಟಲು ನಿಮ್ಮಲ್ಲಿಗೇ ಬಂದಿದ್ದಾರೆ ಅಲ್ವಾ? ಆಮೇಲೆ ಫಾಲ್ಸ್ ಹಾಕಲು, ರವಕೆ ಹೊಲಿಸಲು ಇನ್ನೆಲ್ಲೋ ಹೋಗುತ್ತಾರೆ. ಒಂದು ಹೊಲಿಗೆ ಯಂತ್ರ ನಿಮ್ಮ ಅಂಗಡಿಯಲ್ಲೇ ಇರಲಿ. ಬೇರೆ ಕಡೆ ಕೊಂಡ ಸೀರೆಗೂ ಮುಖ ಗಂಟಿಕ್ಕದೆ ಹೊಲಿದು ಕೊಡಿ. ಸೂರತ್ತಿನ ಸೀರೆಯಲ್ಲಿ ಆನ್‌ಲೈನಿನ ಬೆಲೆಗೆ ನೀವು ಇಳಿಯಲು ಸಾಧ್ಯವೇ ಇಲ್ಲ, ಆ ಪಂದ್ಯ ಬಿಟ್ಟುಬಿಡಿ. ವಿದ್ಯಾನಗರದ ಹತ್ತಿರ ನೇಕಾರರ ಸಹಕಾರಿ ಸಂಘ ಇದೆ. ಅಲ್ಲಿ ನೇಯುವ ಕಾಸರಗೋಡು ಸೀರೆಗೆ ಜಿಐ ಮಾನ್ಯತೆಯೂ (ಊರಿನ ಹೆಸರಿನ ಮೇಲಿನ ಕಾನೂನಿನ ಹಕ್ಕು) ಇದೆ. ಕುಂಬಳೆಯ ಎಷ್ಟು ಜವಳಿ ಅಂಗಡಿಗಳ ಕಪಾಟಿನಲ್ಲಿ ಅದು ಇದೆ ಅಂತ ಒಮ್ಮೆ ಎಣಿಸಿ ನೋಡಿ. ಕೇರಳ ಸರಕಾರ ಶಾಲಾ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರ ಪುಕ್ಕಟೆ ಕೊಡಲು ಶುರುಮಾಡಿದ ಮೇಲೆ ನಿಮ್ಮ ಜೂನ್ ತಿಂಗಳ ವ್ಯಾಪಾರಕ್ಕೆ ಏಟು ಬಿದ್ದಿರಬೇಕು. ನೇಕಾರನಿಗೆ ಮಾತ್ರ ಕೆಲಸ ಸಿಕ್ಕಿತು. ಅದನ್ನು ತಪ್ಪು ಅನ್ನಲು ನನ್ನಿಂದಾಗದು.

ಮುಚ್ಚಬೇಕಾ ಅಂತ ಕೇಳಿದ್ದೀರಿ. ನಿಮ್ಮ ಇಷ್ಟು ಉದ್ದದ ಪತ್ರದಲ್ಲಿ ಬಾಡಿಗೆಯ ಬಗ್ಗೆ ಒಂದಕ್ಷರವೂ ಇಲ್ಲ. ಕಟ್ಟಡ ಸ್ವಂತದ್ದಾದರೆ, ಅದನ್ನು ಬೇರೆಯವರಿಗೆ ಕೊಟ್ಟರೆ ಎಷ್ಟು ಬರುತ್ತದೆ ಅಂತ ಮೊದಲು ವಿಚಾರಿಸಿ. ಅಂಗಡಿಯ ಲಾಭ ಅದಕ್ಕಿಂತ ಕಮ್ಮಿಯಾದರೆ ನೀವು ಪುಕ್ಕಟೆ ದುಡಿಯುತ್ತಿದ್ದೀರಿ. ಬಾಡಿಗೆಯದ್ದಾದರೆ ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತಿಳಿದುಕೊಳ್ಳಿ. ಅದು ಜಾರಿಯಲ್ಲಿರುವ ಕಡೆ, ಆ ಅಂಗಡಿಯಿಂದಲೇ ಮುಖ್ಯವಾಗಿ ಹೊಟ್ಟೆ ಹೊರೆಯುವ ಬಾಡಿಗೆದಾರನನ್ನು, ಆಸುಪಾಸಿನಲ್ಲಿ ಸರಿಯಾದ ಬೇರೆ ಜಾಗ ಇಲ್ಲದಿದ್ದರೆ, ‘ನನಗೇ ಬೇಕು’ ಎಂಬ ಕಾರಣಕ್ಕೆ ಮಾಲಕರು ಏಳಿಸುವ ಹಾಗಿಲ್ಲ. ಬಾಡಿಗೆ ಬಾಕಿ ಇಟ್ಟರೆ ಮಾತು ಬೇರೆ. ನಿಮ್ಮ ಕಟ್ಟಡಕ್ಕೆ ಇದು ಅನ್ವಯಿಸುತ್ತದಾ ಅಂತ ವಕೀಲರ ಹತ್ತಿರ ಕಾಗದಪತ್ರ ತೋರಿಸಿ ಕೇಳಿ.

ಮುಚ್ಚುವ ಮೊದಲು ಸಣ್ಣದು ಮಾಡಿ ನೋಡಿ ಅಂತ ನನ್ನ ಅಭಿಪ್ರಾಯ. ಮಾಳಿಗೆಯಲ್ಲಿ ಶೋರೂಮ್ ಇದ್ದರೆ ಅದನ್ನು ಬಿಟ್ಟುಕೊಡಿ. ಮುಂಡು, ಬೈರಾಸು, ರವಕೆ ಬಟ್ಟೆ, ಕೈಮಗ್ಗ, ಹೊಲಿಗೆ, ಇಷ್ಟು ಕೆಳಗೆ ಸಾಕು. ಜನವರಿಯಲ್ಲಿ ಕುಂಬಳೆ ಬೆಡಿಗೆ (ದೇವಸ್ಥಾನದ ಜಾತ್ರೆಯ ಸುಡುಮದ್ದು) ಊರಿಗೆ ಊರೇ ಪೇಟೆಗೆ ಇಳಿಯುತ್ತದೆ. ಅಷ್ಟರೊಳಗೆ ಹಳೆ ಸ್ಟಾಕನ್ನು ಅಸಲಿಗಾದರೂ ಖಾಲಿ ಮಾಡಿ. ಆಮೇಲೆ ಮೂರು ತಿಂಗಳ ಲೆಕ್ಕ ನನಗೆ ಕಳಿಸಿ, ಬಾಡಿಗೆಯನ್ನೂ ಸೇರಿಸಿ.