ಕ್ಲಾಸಿಗೆ ಹೋಗದೆ ಬಿ.ಎಡ್. ಆಗುತ್ತಾ?

ಪತ್ರದ ಸಾರ: ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಊರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಶಿವಮೊಗ್ಗದಲ್ಲಿ ಬಿ.ಎಡ್. ಓದಲು ಹೋದರೆ ಇದನ್ನು ಬಿಡಬೇಕು. ಕರೆಸ್ಪಾಂಡೆನ್ಸ್‌ನಲ್ಲಿ ಮಾಡಿದರೆ ಸಾಲದೇ? ಒಬ್ಬರು ‘ಕ್ಲಾಸಿಗೆ ಬರೋದೇ ಬೇಡ, ಸರ್ಟಿಫಿಕೇಟ್ ಕೊಡಿಸ್ತೀವಿ’ ಎಂದಿದ್ದಾರೆ.
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ: ಮೊದಲು ಆ ‘ಕೊಡಿಸ್ತೀವಿ’ ಎಂದವರ ಫೋನ್ ನಂಬರ್ ಅಳಿಸಿಬಿಡಿ. ಉಳಿದದ್ದು ಆಮೇಲೆ.

ದೂರಶಿಕ್ಷಣದ ಬಿ.ಎಡ್. ಇರುವುದು ಸುಳ್ಳಲ್ಲ. ಆದರೆ ಅದು ನಿಮಗಲ್ಲ. ಡಿ.ಎಡ್.ನಂಥ ತರಬೇತಿಯನ್ನು ಮೊದಲೇ ಮುಗಿಸಿದವರಿಗಾಗಿ ಮಾಡಿದ ದಾರಿ ಅದು. ಅತಿಥಿ ಶಿಕ್ಷಕಿಯಾಗಿ ದುಡಿದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ದೂರಶಿಕ್ಷಣದ ಬಿ.ಎಡ್.ಗೂ ಎರಡು ವರ್ಷ ಬೇಕೇ ಬೇಕು. ಇನ್ನು ಡಿ.ಎಲ್.ಎಡ್. (ಹಿಂದಿನ ಡಿ.ಎಡ್.) ಮಾಡೋಣ ಎಂದರೆ ಅದು ಮುಖ್ಯವಾಗಿ 1ರಿಂದ 5ನೇ ತರಗತಿಗೆ. ಬಿ.ಎಡ್. ಆದವರು ಆ ತರಗತಿಗಳಿಗೆ ಅರ್ಹರಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಮನಸ್ಸಿರುವುದು ಹೈಸ್ಕೂಲ್ ವಿಜ್ಞಾನದ ಮೇಲೆ. ಹಾಗಾಗಿ ಕಾಲೇಜಿಗೆ ಹೋಗಿಯೇ ಬಿ.ಎಡ್. ಮಾಡಿ.

ಈ ಕೆಲಸಕ್ಕೆ ಬರುವ ಮುಂಚೆ ನಾನೂ ಬಿ.ಎಡ್. ಮಾಡಿದವನು. ಆಗ ಒಂದೇ ವರ್ಷ. ಜುಲೈ ತಿಂಗಳು, ತಗಡಿನ ಮಾಡಿನ ಶಾಲೆ. ಮಳೆ ಹೊಯ್ಯತೊಡಗಿದರೆ ನನ್ನ ದನಿ ನನಗೇ ಕೇಳದು. ಕಿರುಚಿ ಕಿರುಚಿ ಎಲೆಯ ಪಾಠ ಮುಗಿಸಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರು ನನ್ನ ಪಾಠಯೋಜನೆ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಮಳೆ ಬಂದಾಗ ಬಾಯಿ ಮುಚ್ಚಿ, ಬೋರ್ಡ್ ಬಳಸಿ.’ ಮರುದಿನ ಮಕ್ಕಳ ಕೈಲಿ ಹಲಸಿನ ಎಲೆ ತರಿಸಿ, ಅದರ ನರಗಳನ್ನು ಸ್ಲೇಟಿನಲ್ಲಿ ಬರೆಸಿದೆ. ಮಳೆ ಅದರ ಪಾಡಿಗೆ ಹೊಯ್ಯುತ್ತಿತ್ತು.

ನೀವು ಎರಡು ವರ್ಷ ಪಾಠ ಮಾಡಿದ್ದೀರಿ, ಸರಿ. ಹಿಂದೆ ಕೂತು ನೋಡಿ ಹೇಳುವವರು ಯಾರೂ ಇರಲಿಲ್ಲ ಅಲ್ವಾ? 2014ರ ನಿಯಮದಲ್ಲಿ ಬಿ.ಎಡ್. ಎರಡು ವರ್ಷವಾಯಿತು, ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ನಿಮಗೆ ಜಾಸ್ತಿ ಸಿಗುವುದು ಅಲ್ಲೇ.

ಗೌರವಧನ ನಿಲ್ಲುವುದು ಕಷ್ಟವೇ, ಒಪ್ಪುತ್ತೇನೆ. ಆದರೂ ದಿನಾ ಬಸ್ಸಿನಲ್ಲಿ 60 ಕಿ.ಮೀ. ಹೋಗಿ ಬರುವ ಯೋಚನೆ ಬೇಡ, ಹಾಸ್ಟೆಲ್ ನೋಡಿ. 6ರಿಂದ 8ನೇ ತರಗತಿಯ ಕೆಲಸಕ್ಕೂ ಅರ್ಜಿ ಹಾಕುವುದಾದರೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಬೇಕು. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟ್ ಈಗ ಜೀವನಪೂರ್ತಿ ನಡೆಯುತ್ತದೆ.

ತಮ್ಮ ಎರಡನೇ ಪಿಯುಸಿ ಎಂದು ಕೊನೆಯಲ್ಲಿ ಬರೆದಿದ್ದೀರಿ. ಅವನಿಗೂ ಮೇಷ್ಟ್ರಾಗುವ ಆಸೆಯಿದ್ದರೆ ಡಿಗ್ರಿ, ಬಿ.ಎಡ್. ಒಟ್ಟಿಗೇ ಮುಗಿಯುವ ನಾಲ್ಕು ವರ್ಷದ ಕೋರ್ಸಿದೆ. ಒಂದು ವರ್ಷ ಉಳಿಯುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇಂಥ ಕೋರ್ಸ್ ಬಹಳ ಹಳೆಯದು. ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿಯ ಕಡೇ ದಿನ ಯಾವಾಗ ಅಂತ ಈಗಲೇ ವಿಚಾರಿಸಲು ಹೇಳಿ.