ಬಳ್ಳಾರಿಯ ಆಕಾಶದಲ್ಲಿ ಮೊದಲ ವಿಮಾನ

ಪ್ರಶ್ನೆ: ಬಳ್ಳಾರಿಗೆ ಬ್ರಿಟಿಷರ ಕಾಲದಲ್ಲಿಯೇ ವಿಮಾನ ಬರುತ್ತಿತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಇದು ನಿಜವೇ? ನಿಜವಾದರೆ ಇಂದು ವಿಮಾನ ಹತ್ತಲು ನಾವು ತೋರಣಗಲ್ಲಿಗೆ ಹೋಗಬೇಕಾದದ್ದೇಕೆ? (ಕೌಲ್‌ಬಜಾರಿನ ಓದುಗರು)

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನಿಜ. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿಯೇ ಬಳ್ಳಾರಿಯ ಹೆಸರಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಟಪಾಲು ಹೊತ್ತ ಪುಟ್ಟ ಪಸ್ ಮಾತ್ ವಿಮಾನವನ್ನು ತಾವೇ ನಡೆಸಿಕೊಂಡು ಬಂದರು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಯವರೆಗೆ ತಂದಿಳಿಸುತ್ತಿದ್ದ ಪತ್ರಗಳನ್ನು ದಕ್ಷಿಣಕ್ಕೆ ಬೇಗ ಮುಟ್ಟಿಸುವುದೇ ಆ ಸೇವೆಯ ಉದ್ದೇಶವಾಗಿತ್ತು. ಮುಂಬೈಯಿಂದ ಮುಂದಿನ ದಾರಿಯನ್ನು ಅವರ ಸಹೋದ್ಯೋಗಿ, ಬ್ರಿಟಿಷ್ ವಾಯುಪಡೆಯಲ್ಲಿ ಹಿಂದೆ ಪೈಲಟ್ ಆಗಿದ್ದ ನೆವಿಲ್ ವಿನ್ಸೆಂಟ್ ವಹಿಸಿಕೊಂಡು, ಬಳ್ಳಾರಿಯ ಮೂಲಕ ಮದ್ರಾಸಿಗೆ ತಲುಪಿಸಿದರು. ಏರ್ ಇಂಡಿಯಾ ಎಂಬ ಹೆಸರು ಬಂದದ್ದು ಅದಾದ 14 ವರ್ಷಗಳ ಮೇಲೆ, 1946ರಲ್ಲಿ.

ಬಳ್ಳಾರಿಯೇ ಏಕೆ ಎಂಬುದಕ್ಕೆ ನಕಾಶೆಯೇ ಉತ್ತರ ಕೊಡುತ್ತದೆ. ಮುಂಬೈಯಿಂದ ಚೆನ್ನೈಗೆ ಒಂದು ನೇರ ಗೆರೆ ಎಳೆದು ನೋಡಿದರೆ ಬಳ್ಳಾರಿ ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ಕುಳಿತಿರುತ್ತದೆ. ಒಂದೇ ಎಂಜಿನ್ನಿನ ಆ ವಿಮಾನಕ್ಕೆ ಸಾವಿರ ಕಿ.ಮೀ. ದೂರವನ್ನು ಒಂದೇ ಉಸಿರಿಗೆ ಹಾರುವುದು ಸಾಧ್ಯವಿರಲಿಲ್ಲವಾದ್ದರಿಂದ ನಡುವೆ ಇಳಿದು ಇಂಧನ ತುಂಬಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ ದಂಡಿನ ಊರೂ ಆಗಿತ್ತು. ಅಂದರೆ ಊರಿಗೆ ವಿಮಾನ ಬಂದದ್ದು ಊರಿನವರಿಗಾಗಿ ಅಲ್ಲ, ದಾರಿಯಲ್ಲಿ ಊರು ಇದ್ದುದರಿಂದ. ದೂರ ಹಾರುವ ವಿಮಾನಗಳು ಬಂದಮೇಲೆ ಇಂತಹ ನಡುದಾರಿಯ ನಿಲುಗಡೆಗಳ ಅಗತ್ಯವೇ ಕಡಿಮೆಯಾಯಿತು.

ದಂಡು ಪ್ರದೇಶದ ಹಳೆಯ ವಿಮಾನ ಮೈದಾನ ಇಂದಿನ ಅಗತ್ಯಗಳಿಗೆ ಸಾಲದೆಂದು ನಗರದ ಹೊರಗೆ ಚಾಗನೂರು–ಸಿರಿವಾರ ಬಳಿ ಹೊಸ ನಿಲ್ದಾಣದ ಯೋಜನೆ ರೂಪುಗೊಂಡು, 2010ರಲ್ಲಿ ಖಾಸಗಿ ಕಂಪನಿಯೊಂದರೊಂದಿಗೆ ಒಪ್ಪಂದವೂ ಆಯಿತು. ಫಲವತ್ತಾದ ಭೂಮಿಯನ್ನು ಬಿಟ್ಟುಕೊಡಲು ರೈತರು ಒಪ್ಪದೆ ಹೋರಾಟಕ್ಕಿಳಿದರು, ನಿಲ್ದಾಣ ಮೇಲೇಳಲಿಲ್ಲ. ಹೀಗಾಗಿ ಉಳಿದದ್ದು ತೋರಣಗಲ್ಲು.

ಪ್ರಶ್ನೆ: ತೋರಣಗಲ್ಲಿನ ನಿಲ್ದಾಣ ಕಾರ್ಖಾನೆಯದಲ್ಲವೇ? ಅಲ್ಲಿಂದ ಸಾಮಾನ್ಯರು ಪ್ರಯಾಣಿಸಬಹುದೇ? ದೊಡ್ಡ ವಿಮಾನಗಳು ಏಕೆ ಬರುವುದಿಲ್ಲ? (ಸಂಡೂರಿನ ಓದುಗರು)

ಉತ್ತರ: ನಿಲ್ದಾಣದ ಒಡೆತನ ಜೆ.ಎಸ್.ಡಬ್ಲ್ಯು. ಸ್ಟೀಲ್ ಕಂಪನಿಯದೇ. ಉಕ್ಕಿನ ಕಾರ್ಖಾನೆಯ ಅಗತ್ಯಕ್ಕಾಗಿ ಅದರ ವಿದ್ಯಾನಗರ ಬಡಾವಣೆಯ ಬಳಿ ಕಟ್ಟಿಕೊಂಡದ್ದು. ನಮ್ಮ ಜನ ‘ಜಿಂದಾಲ್ ಏರ್‌ಪೋರ್ಟ್’ ಎನ್ನುತ್ತಾರೆ. ನಿಲ್ದಾಣದ ಪೂರ್ಣ ಹೆಸರಿನಲ್ಲಿ ‘ವಿಜಯನಗರ’ ಇರುವುದರಿಂದ ಅದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ ಎಂದು ಭಾವಿಸುವವರಿದ್ದಾರೆ. ಸಂಡೂರು ತಾಲ್ಲೂಕು ಬಳ್ಳಾರಿಯಲ್ಲಿಯೇ ಉಳಿದಿರುವುದರಿಂದ ನಿಲ್ದಾಣವೂ ಬಳ್ಳಾರಿ ಜಿಲ್ಲೆಯದೇ. ಟಿಕೆಟ್ ಹುಡುಕುವಾಗ ‘ಬಳ್ಳಾರಿ’ ಎಂದು ಬರೆದು ಏನೂ ಸಿಗದೆ ನಿರಾಶರಾಗುವವರು ‘ವಿದ್ಯಾನಗರ’ ಎಂದೋ, ವಿ.ಡಿ.ವೈ. ಎಂಬ ಸಂಕೇತಾಕ್ಷರಗಳನ್ನೋ ಬಳಸಬೇಕು.

ಸಾಮಾನ್ಯ ಪ್ರಯಾಣಿಕರಿಗೆ ಇಲ್ಲಿನ ಬಾಗಿಲನ್ನು ಅಗಲವಾಗಿ ತೆರೆದದ್ದು ಸಣ್ಣ ಊರುಗಳಿಗೆ ವಿಮಾನಸೇವೆ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ. 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಕಂಪನಿಯ ಎ.ಟಿ.ಆರ್. ಎಂಬ ಸಣ್ಣ ವಿಮಾನಗಳು ಬೆಂಗಳೂರು ಮತ್ತು ಹೈದರಾಬಾದಿಗೆ ಹಾರಾಟ ಆರಂಭಿಸಿದವು. ಈ ಯೋಜನೆಯಲ್ಲಿ ವಿಮಾನದ ಅರ್ಧದಷ್ಟು ಸೀಟುಗಳಿಗೆ ಮಿತಿಗೊಳಿಸಿದ ದರವಿರುತ್ತದೆ (ಆರಂಭದಲ್ಲಿ ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ) ಮತ್ತು ಅದರಿಂದ ಕಂಪನಿಗಾಗುವ ಕೊರತೆಯನ್ನು ಕೇಂದ್ರ ಶೇ. 80, ರಾಜ್ಯ ಶೇ. 20ರ ಪ್ರಮಾಣದಲ್ಲಿ ಮೂರು ವರ್ಷ ತುಂಬಿಕೊಡುತ್ತವೆ. ಸಣ್ಣ ಊರುಗಳ ವಿಮಾನಸೇವೆಯ ನಿಜವಾದ ಪರೀಕ್ಷೆ ಆ ಮೂರು ವರ್ಷ ಮುಗಿದ ಮೇಲೆಯೇ ಎಂಬುದು ನನ್ನ ಅಭಿಪ್ರಾಯ. ಟ್ರೂಜೆಟ್ 2022ರ ಆರಂಭದಲ್ಲಿ ತನ್ನ ಎಲ್ಲ ಹಾರಾಟಗಳನ್ನೂ ನಿಲ್ಲಿಸಿತು. ಅನಂತರ ಬೇರೆ ಕಂಪನಿಗಳು ಈ ಮಾರ್ಗಕ್ಕೆ ಬಂದಿವೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ನೆಂಟರು ಹೇಳಿದ ಸಮಯವನ್ನು ನಂಬಿ ಹೊರಡಬೇಡಿ.

ಸೌಲಭ್ಯಗಳೆಂದರೆ ಒಂದು ರನ್‌ವೇ ಮತ್ತು ಪುಟ್ಟ ಟರ್ಮಿನಲ್. ಟರ್ಮಿನಲ್‌ನಿಂದ ನೇರವಾಗಿ ವಿಮಾನದೊಳಕ್ಕೆ ನಡೆದುಹೋಗಲು ಬೆಂಗಳೂರಿನಲ್ಲಿರುವಂತಹ ಏರೋಬ್ರಿಜ್ ಇಲ್ಲಿಲ್ಲ, ಅದರ ಅಗತ್ಯವೂ ಇಲ್ಲ, ಎ.ಟಿ.ಆರ್. ವಿಮಾನದ ಹಿಂಬಾಗಿಲೇ ಕೆಳಕ್ಕೆ ಬಾಗಿ ಮೆಟ್ಟಿಲಾಗುತ್ತದೆ. ಬಳ್ಳಾರಿಯಿಂದಲೂ ಹೊಸಪೇಟೆಯಿಂದಲೂ ಇದು ಸುಮಾರು 30 ಕಿ.ಮೀ. ದೂರದಲ್ಲಿ, ಎರಡೂ ಊರುಗಳನ್ನು ಜೋಡಿಸುವ ಹೆದ್ದಾರಿಯ ಪಕ್ಕದಲ್ಲಿರುವುದರಿಂದ, ಹಂಪಿಗೆ ಬರುವವರಿಗೂ ಅನುಕೂಲಕರ.

ದೊಡ್ಡ ವಿಮಾನದ ವಿಷಯಕ್ಕೆ ಬಂದರೆ, ಜನ ರನ್‌ವೇಯ ಉದ್ದವನ್ನಷ್ಟೇ ಲೆಕ್ಕ ಹಾಕುತ್ತಾರೆ. ಅದರ ಗಟ್ಟಿತನವೂ ಅಷ್ಟೇ ಮುಖ್ಯ. ಅಗ್ನಿಶಾಮಕ ವ್ಯವಸ್ಥೆಯನ್ನಂತೂ ಯಾರೂ ನೆನೆಯುವುದಿಲ್ಲ: ವಿಮಾನದ ಉದ್ದ ಮತ್ತು ಅದರ ಒಡಲಿನ ಅಗಲಕ್ಕೆ ಅನುಗುಣವಾಗಿ ಅದಕ್ಕೊಂದು ದರ್ಜೆಯಿದ್ದು, 27 ಮೀಟರಿನ ಎ.ಟಿ.ಆರ್. 72ಕ್ಕೆ 5ನೆಯ ದರ್ಜೆ ಸಾಕಾದರೆ ಸುಮಾರು 37.5 ಮೀಟರಿನ ಏರ್‌ಬಸ್ ಎ320ಕ್ಕೆ 6ನೆಯ ದರ್ಜೆ, ಅಂದರೆ ಹೆಚ್ಚು ನೀರು, ಹೆಚ್ಚು ನೊರೆ, ಹೆಚ್ಚು ಸಿಬ್ಬಂದಿ ಬೇಕು. ಇವೆಲ್ಲದರ ಮೇಲೆ ನಮ್ಮ ಬಿಸಿಲು. ಗಾಳಿ ಕಾದಷ್ಟೂ ತೆಳುವಾಗಿ ರೆಕ್ಕೆಗೆ ಎತ್ತುಬಲ ಕಡಿಮೆಯಾಗುತ್ತದೆ, ಎಂಜಿನ್ನಿನ ಶಕ್ತಿಯೂ ತಗ್ಗುತ್ತದೆ. ಆದ್ದರಿಂದ ಮೇ ತಿಂಗಳ 40 ಡಿಗ್ರಿ ಮಧ್ಯಾಹ್ನದಲ್ಲಿ ಮೇಲೇರಲು, ಜನವರಿಯ ಮುಂಜಾನೆಗಿಂತ ಉದ್ದದ ಓಟ ಬೇಕಾಗುತ್ತದೆ, ಇಲ್ಲವೇ ಭಾರ ಇಳಿಸಬೇಕಾಗುತ್ತದೆ.

ಪ್ರಶ್ನೆ: ಕೊಪ್ಪಳ, ರಾಯಚೂರುಗಳ ಗತಿ ಏನು? (ಗಂಗಾವತಿಯ ಓದುಗರು)

ಉತ್ತರ: ಕೊಪ್ಪಳದ ಬಳಿ ಗಣಿ ಉದ್ಯಮದ ಎಂ.ಎಸ್.ಪಿ.ಎಲ್. ಕಂಪನಿಗೆ ಸೇರಿದ ಏರ್‌ಸ್ಟ್ರಿಪ್ ಇದೆ. ಉಡಾನ್ ಸಂಬಂಧವಾಗಿ ಅದರ ಹೆಸರು ಕೇಳಿಬಂದಿದ್ದರೂ ತೋರಣಗಲ್ಲಿನಂತೆ ಪ್ರಯಾಣಿಕ ಸೇವೆ ಅಲ್ಲಿ ನೆಲೆಯೂರಲಿಲ್ಲ. ರಾಯಚೂರಿಗೆ ಯರಮರಸ್‌ನಲ್ಲಿ ಜಾಗ ಗೊತ್ತುಪಡಿಸಲಾಗಿದೆ. ಗಂಗಾವತಿಯವರಾದ ನಿಮಗೆ ಸದ್ಯಕ್ಕೆ ತೋರಣಗಲ್ಲೇ ಹತ್ತಿರ. ರಾಯಚೂರಿನ ಉತ್ತರದ ತಾಲ್ಲೂಕಿನವರು 2019ರ ನವೆಂಬರ್‌ನಲ್ಲಿ ಆರಂಭವಾದ ಕಲಬುರಗಿ ನಿಲ್ದಾಣವನ್ನೂ ವಿಚಾರಿಸಿ ನೋಡಬಹುದು.