ಕೋಳಿಗೂಡಿನ ಪ್ರಶ್ನೋತ್ತರ: ನಾಯಿ ಕಚ್ಚಿದ ಟರ್ಕಿ ಮರಿ

ಪ್ರಶ್ನೆ: ಅಕ್ಕಾ, ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಯಜಮಾನರು ಅಡಿಕೆ ಕೊಯ್ಯಲು ಹೋಗುತ್ತಾರೆ, ನಾನು ಬೀಡಿ ಕಟ್ಟುತ್ತೇನೆ. ಬೀಡಿ ದುಡ್ಡು ಕೂಡಿಟ್ಟು ನಾಲ್ಕು ಟರ್ಕಿ ಮರಿ ತಂದಿದ್ದೆ, ಒಂದಕ್ಕೆ 250 ರೂಪಾಯಿ. ಈಗ ಆರು ವಾರ ಆಯಿತು. ನಿನ್ನೆ ಸಂಜೆ ಬೀದಿ ನಾಯಿ ನುಗ್ಗಿ ಒಂದನ್ನು ಕಚ್ಚಿತು. ಬೆನ್ನಿನ ಚರ್ಮ ಹರಿದಿದೆ, ಬಲಗಾಲು ಊರುವುದಿಲ್ಲ. ನೆರೆಮನೆಯವರು ಕೊಯ್ದು ಸಾರು ಮಾಡಿ ಅಂತಾರೆ. ಮಗಳು ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಕೈಯಲ್ಲಿ 500 ರೂಪಾಯಿ ಇದೆ. ಮನೆಯಲ್ಲೇ ಏನಾದರೂ ಮಾಡಬಹುದಾ?
– ಓದುಗಿ, ಪೆರ್ಲ

ಉತ್ತರ: ಈ ಪ್ರಶ್ನೆ ವಾಟ್ಸಾಪಿನಲ್ಲಿ ಬಂದಿತ್ತು. ಪತ್ರಿಕೆ ಅಚ್ಚಾಗುವವರೆಗೆ ಮರಿ ಕಾಯುವುದಿಲ್ಲ ಅಲ್ವಾ? ಹಾಗಾಗಿ ಆಗಲೇ ಫೋನ್ ಮಾಡಿದೆ. ಅವತ್ತು ಹೇಳಿದ್ದನ್ನೂ ಆಮೇಲೆ ಆದದ್ದನ್ನೂ ಉಳಿದವರಿಗಾಗಿ ಬರೆಯುತ್ತಿದ್ದೇನೆ.

ನಾನು ಮೊದಲು ಕೇಳಿದ್ದು ಮರಿಯ ವಿಷಯ ಅಲ್ಲ. ನಾಯಿ ಓಡಿಸುವಾಗ ನಿಮಗೋ ಮಗಳಿಗೋ ಹಲ್ಲು, ಉಗುರು ತಾಗಿತಾ ಅಂತ. ತಾಗಿದ್ದರೆ ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಲೇಬೇಕು. ತಾಗಿರಲಿಲ್ಲ. ಆದರೂ ಮರಿಯ ಪುಕ್ಕದಲ್ಲಿ ನಾಯಿಯ ಜೊಲ್ಲು ಇರುತ್ತದೆ. ಬೀಡಿ ಕಟ್ಟುವವರ ಬೆರಳಲ್ಲಿ ಕತ್ತರಿ ತಾಗಿದ ಸಣ್ಣ ಗಾಯ ಯಾವಾಗಲೂ ಇರುತ್ತದೆ. ಕೈಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡೇ ಮುಟ್ಟಿ ಅಂದೆ.

ತಂಗಿ, ಕಚ್ಚಿದ ಮರಿ ಮೊದಲ ರಾತ್ರಿ ಸಾಯುವುದು ಗಾಯದಿಂದ ಮಾತ್ರ ಅಲ್ಲ. ಹೆದರಿಕೆಯಿಂದ, ಚಳಿಯಿಂದ, ನೀರು ಕುಡಿಯದೆ ಸಾಯುತ್ತದೆ. ಅರ್ಧ ಕಿಲೋ ತೂಕದ ಮರಿಯ ಮೈಯಲ್ಲಿ ಒಟ್ಟು ಇರುವ ರಕ್ತವೇ ಸುಮಾರು 40 ಮಿಲಿ. ನಮಗೆ ಸ್ವಲ್ಪ ಅಂತ ಕಾಣುವ ರಕ್ತ ಅದಕ್ಕೆ ಜಾಸ್ತಿ. ರಕ್ತ ಒಸರುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಬೇಡಿ.

ಆಮೇಲೆ ಬಿಸಿ. ಆರು ವಾರದ ಗಟ್ಟಿ ಮರಿಗೆ ಬಲ್ಬು ಬೇಡ, ಪುಕ್ಕ ಬಂದಿರುತ್ತದೆ. ಪೆಟ್ಟು ತಿಂದ ಮರಿಗೆ ಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ, ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಬಿಡಿ, ಸೆಕೆಯಾದರೆ ಅದೇ ಸರಿದುಕೊಳ್ಳುತ್ತದೆ. ಒಲೆಯ ಹತ್ತಿರ ಇಡಬೇಡಿ, ಹಕ್ಕಿಗಳಿಗೆ ಹೊಗೆ ತಡೆಯುವುದಿಲ್ಲ.

ನೀರನ್ನು ಬಾಯಿ ತೆರೆದು ಹೊಯ್ಯಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ, ಕೊಕ್ಕಿನ ತುದಿಯನ್ನು ಅದ್ದಿ. ಇಲ್ಲವಾದರೆ ಕೊಕ್ಕಿನ ಬದಿಗೆ ಒಂದೊಂದೇ ಹನಿ ಬಿಡಿ. ನುಂಗಿದ ಮೇಲೆ ಇನ್ನೊಂದು ಹನಿ.

ಗಾಯ ತೊಳೆಯಲು ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟ ಟೀ ಚಮಚ ಉಪ್ಪು ಸಾಕು. ಸೂಜಿ ತೆಗೆದ ಸಿರಿಂಜಿನಿಂದ ಚೆನ್ನಾಗಿ ರಭಸವಾಗಿ ತೊಳೆಯಿರಿ. ಸುತ್ತಲಿನ ಪುಕ್ಕ ಕತ್ತರಿಸಿ, ಕೀಳಬೇಡಿ. ಪುಕ್ಕ ಸರಿಸಿ ಇಡೀ ಮೈ ನೋಡಿ. ಹರಿದ ಚರ್ಮಕ್ಕಿಂತ ಕಣ್ಣಿಗೆ ಕಾಣದ ಹಲ್ಲಿನ ತೂತು ಅಪಾಯ. ಪೊವಿಡೋನ್ ಅಯೋಡಿನ್‌ಗೆ ನೀರು ಬೆರೆಸಿ, ಹಾಲು ಹಾಕದ ಕಣ್ಣಚಹಾದ ಬಣ್ಣಕ್ಕೆ ತಂದು ದಿನಕ್ಕೆರಡು ಸಲ ಹಚ್ಚಿ. ನಮ್ಮಲ್ಲಿ ಎಲ್ಲ ಗಾಯಕ್ಕೂ ಅರಸಿನ ಪುಡಿ ತುಂಬುವ ರೂಢಿ ಇದೆ. ಆಳದ ಗಾಯದಲ್ಲಿ ಅದು ಹೆಪ್ಪುಗಟ್ಟಿ ಒಳಗಿನ ಕೀವನ್ನು ಮುಚ್ಚಿಬಿಡುತ್ತದೆ, ನನಗೆ ಅದು ಒಪ್ಪಿಗೆ ಇಲ್ಲ. ಜೇನು ಒಳ್ಳೆಯದು. ಆದರೆ ಇರುವೆ ಮುತ್ತುತ್ತದೆ. ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಗೆರಟೆಯಲ್ಲಿ ಇಡುವುದಾದರೆ ಮಾತ್ರ ತೆಳ್ಳಗೆ ಹಚ್ಚಿ.

ಮಳೆಗಾಲದಲ್ಲಿ ನೊಣ ಬಿಡುವುದೇ ಇಲ್ಲ. ಗಾಯದ ಅಂಚಲ್ಲಿ ಬಿಳಿ ನುಚ್ಚಿನ ಹಾಗೆ ಕಂಡರೆ ಅದು ನೊಣದ ಮೊಟ್ಟೆ. ಒಂದೇ ದಿನದಲ್ಲಿ ಹುಳ ಆಗುತ್ತದೆ. ಚಿಮಟದಿಂದ ತೆಗೆದು ಮತ್ತೆ ಉಪ್ಪುನೀರಲ್ಲಿ ತೊಳೆಯಿರಿ, ಪೆಟ್ಟಿಗೆಗೆ ಸೊಳ್ಳೆಪರದೆ ಕಟ್ಟಿ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆ ಮರಿಗೆ ಬೇಡವೇ ಬೇಡ. ಮನೆಯಲ್ಲಿರುವ ನೋವಿನ ಮಾತ್ರೆಯೂ ಬೇಡ. ಡೈಕ್ಲೋಫೆನಾಕ್ ಹಕ್ಕಿಗಳ ಮೂತ್ರಪಿಂಡ ಕೆಡಿಸುತ್ತದೆ. ಅದರಿಂದಲೇ ನಮ್ಮ ದೇಶದ ರಣಹದ್ದುಗಳು ಸತ್ತು ಮುಗಿಯುತ್ತಾ ಬಂದದ್ದು, 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದ್ದು. ಸೊಂಟನೋವಿನ ಮುಲಾಮಿನಲ್ಲೂ ಅದು ಇರುತ್ತದೆ. ಕಾಲಿಗೆ ಹಚ್ಚಿದರೆ ಮರಿ ಕುಕ್ಕಿ ತಿನ್ನುತ್ತದೆ.

ಇಷ್ಟು ಮನೆಯಲ್ಲಿ ಆಗುತ್ತದೆ. ಒಂದು ಕೆಲಸ ಮಾತ್ರ ಮನೆಯಲ್ಲಿ ಆಗುವುದಿಲ್ಲ. ನಾಯಿ, ಬೆಕ್ಕು ಕಚ್ಚಿದ ಹಕ್ಕಿಗೆ ಆಂಟಿಬಯೋಟಿಕ್ ಬೇಕು, ಅದೂ ಬೇಗ. ಬೆಕ್ಕಿನ ಹಲ್ಲು ತಾಗಿದ್ದರೆ ಎರಡು ದಿನ ಕೂಡ ತಡೆಯದೆ ಸಾಯಬಹುದು. ಮನುಷ್ಯರಿಗೆ ತಂದು ಉಳಿದ ಕ್ಯಾಪ್ಸೂಲನ್ನು ಅಂದಾಜಿಗೆ ಬಿಡಿಸಿ ಹಾಕಬೇಡಿ, ಮರಿಯ ತೂಕಕ್ಕೆ ಲೆಕ್ಕ ಹಾಕಬೇಕು. ಆ 500 ರೂಪಾಯಿಯಲ್ಲಿ ಮೊದಲ ಪಾಲು ಇದಕ್ಕೇ ಇರಲಿ ಅಂದೆ. ಆಟೋ ಬೇಡ, ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ಬಸ್ಸಿನಲ್ಲಿ ಪಂಚಾಯತಿನ ಮೃಗಾಸ್ಪತ್ರೆಗೆ ಹೋಗಿ ಅಂದೆ. ಆಸ್ಪತ್ರೆ ಮುಚ್ಚಿದ ಹೊತ್ತಾದರೆ ಮನೆಗೆ ಬರುವ ಮೃಗಾಸ್ಪತ್ರೆ ಗಾಡಿಯ ನಂಬರ್ 1962ಕ್ಕೆ ಫೋನ್ ಮಾಡಿ. ಮನೆಗೆ ಬರಲು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಆಗ ಅವರು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. "ದುಡ್ಡಿನ ಹೆದರಿಕೆಗಿಂತ ಮಲಯಾಳದ ಹೆದರಿಕೆ ಅಕ್ಕಾ. ಡಾಕ್ಟರ್ ಏನಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ." ನಾನು ಈ ಜಿಲ್ಲೆಯಲ್ಲಿ 29 ವರ್ಷ ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್ ಆಗಿದ್ದೆ. ಕನ್ನಡದ ಹೆಂಗಸರು ಕೌಂಟರಿನ ಮುಂದೆ ಸುಮ್ನೆ ನಿಂತು, ಸಿಕ್ಕಿದ ಪೊಟ್ಟಣ ಹಿಡಿದು ವಾಪಸಾಗುವುದನ್ನು ಎಷ್ಟು ಸಲ ನೋಡಿದ್ದೇನೆ. ಹೀಗೆ ಮಾಡಿ. "ಪಟ್ಟಿ ಕಡಿಚ್ಚು" ಅಂದರೆ ನಾಯಿ ಕಚ್ಚಿತು. "ರಂಡು ನೇರಂ" ಅಂದರೆ ದಿನಕ್ಕೆ ಎರಡು ಹೊತ್ತು. ಮರಿಯ ವಯಸ್ಸು, ಕಚ್ಚಿದ ಹೊತ್ತು, ತೂಕ ಕಾಗದದಲ್ಲಿ ಬರೆದುಕೊಂಡು ಹೋಗಿ. ಔಷಧಿ ಎಷ್ಟು ಮಿಲಿ, ಎಷ್ಟು ದಿನ ಅಂತ ಅಂಕಿಯಲ್ಲಿ ಬರೆಸಿಕೊಳ್ಳಿ. ಅರ್ಥ ಆಗದಿದ್ದರೆ ಇನ್ನೊಮ್ಮೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಅವರು ಹೋದರು. ಐದು ದಿನದ ಔಷಧಿ ಸಿಕ್ಕಿತು. ಮಂಡಿಯ ಕೆಳಗಿನ ಎಲುಬು ಬಿರಿದಿದೆ ಅಂತ ಕಾಲಿಗೆ ಕಟ್ಟೂ ಹಾಕಿ ಕಳಿಸಿದರು. ಮೂರನೇ ದಿನ ಕಟ್ಟು ಒದ್ದೆಯಾಗಿ ಜಾರಿತು. ಆಗ ನಾನು ಹೇಳಿದ್ದು ಅಡಿಕೆ ಹಾಳೆ. ಬೆರಳಗಲದ ತುಂಡನ್ನು ಬಿಸಿನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಕಾಲಿಗೆ ಮೊದಲು ಹತ್ತಿ ಸುತ್ತಿ, ಮೇಲೆ ಹಾಳೆ ಬಾಗಿಸಿ, ಪೇಪರ್ ಟೇಪ್ ಹಾಕಿ. ಒಣಗಿದಾಗ ಕಾಲಿನ ಆಕಾರಕ್ಕೇ ಗಟ್ಟಿಯಾಗಿ ಕೂರುತ್ತದೆ. ಬೆಳಿಗ್ಗೆ, ಸಂಜೆ ಮರಿಯ ಕಾಲ್ಬೆರಳು ಮುಟ್ಟಿ ನೋಡಿ. ತಣ್ಣಗಿದ್ದರೆ ಅಥವಾ ಬಾತಿದ್ದರೆ ಕಟ್ಟು ಬಿಗಿಯಾಗಿದೆ. ಮರಿ ಬೆಳೆಯುತ್ತಾ ಇರುತ್ತದೆ, ನಾಲ್ಕೈದು ದಿನಕ್ಕೊಮ್ಮೆ ಬಿಚ್ಚಿ ಹೊಸದು ಕಟ್ಟಿ. ಎರಡರಿಂದ ಮೂರು ವಾರದಲ್ಲಿ ಎಲುಬು ಕೂಡುತ್ತದೆ. ಇದು ಮಂಡಿಯ ಕೆಳಗಿನ ಬಿರುಕಿಗೆ ಮಾತ್ರ. ತೊಡೆ ಮುರಿದಿದ್ದರೆ ಮನೆಯಲ್ಲಿ ಕಟ್ಟಬೇಡಿ.

ರೆಕ್ಕೆಗೆ ಪೆಟ್ಟಾದವರಿಗೂ ಒಂದು ಮಾತು. ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರಾಡಿಸುವ ಪರದೆ, ಇಲ್ಲ. ಎದೆಯ ಎಲುಬು ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂದಡ್ಕದ ಒಂದು ಮನೆಯಲ್ಲಿ ನಾನೇ ಟರ್ಕಿ ಮರಿಯ ರೆಕ್ಕೆಯನ್ನು ಎದೆಗೆ ಸುತ್ತಿ ಬಿಗಿಯಾಗಿ ಕಟ್ಟಿದ್ದೆ. ಬೆಳಿಗ್ಗೆ ಹೋದಾಗ ಅದು ಸತ್ತಿತ್ತು. ಆ ಮನೆಯ ಅಜ್ಜಿ ನನಗೆ ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ಅದು ನನಗೆ ನೋವು. ಕಟ್ಟಿನ ಒಳಗೆ ನಿಮ್ಮ ಬೆರಳು ಸಲೀಸಾಗಿ ಹೋಗಬೇಕು.

ಟರ್ಕಿ ಮರಿ ಒಂಟಿಯಾದರೆ ತಿನ್ನುವುದಿಲ್ಲ, ಕೂಗುತ್ತಲೇ ಇರುತ್ತದೆ. ಜೊತೆಗೆ ಬಿಟ್ಟರೆ ಉಳಿದವು ಕೆಂಪು ಗಾಯವನ್ನೇ ಕುಕ್ಕುತ್ತವೆ. ಪೆಟ್ಟಿಗೆಯ ಪಕ್ಕ ಬಲೆ ಹಾಕಿ ಆಚೆ ಬದಿ ಇನ್ನೊಂದು ಮರಿ ಇಡಿ. ಅದಕ್ಕೆ ಜಾಗ ಇಲ್ಲದಿದ್ದರೆ ಒಂದು ಸಣ್ಣ ಕನ್ನಡಿ. ಈ ಮಗಳು ತನ್ನ ಕನ್ನಡಿಯನ್ನೇ ಕೊಟ್ಟಳಂತೆ. ಬೇಯಿಸಿದ ಮೊಟ್ಟೆ ಕಿವುಚಿ, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಕೊಡಿ. ಬರೀ ಗಂಜಿಯಲ್ಲಿ ಗಾಯ ಕೂಡುವ ಸತ್ವ ಇಲ್ಲ. ಹಾಲು ಬೇಡ, ಹಕ್ಕಿಗಳಿಗೆ ಅದು ಜೀರ್ಣ ಆಗುವುದಿಲ್ಲ.

ಖರ್ಚಿನ ಲೆಕ್ಕ ಅವರೇ ಕಳಿಸಿದ್ದಾರೆ. ಬಸ್ಸಿಗೆ 40, ಅಯೋಡಿನ್, ಹತ್ತಿ, ಟೇಪ್ ಸೇರಿ 130, ಔಷಧಿಗೆ 95, ಓಆರ್‌ಎಸ್‌ಗೆ 25. ಒಟ್ಟು 290 ರೂಪಾಯಿ. ಮೊನ್ನೆ ಕಳಿಸಿದ ವೀಡಿಯೋದಲ್ಲಿ ಮರಿ ಸ್ವಲ್ಪ ಕುಂಟುತ್ತಾ ಮಗಳ ಹಿಂದೆ ಹೋಗುತ್ತಿತ್ತು.

ಪ್ರಶ್ನೆ: ಗಾಯ ವಾಸಿಯಾದ ಟರ್ಕಿ ಮರಿಯನ್ನು ಊರಕೋಳಿಯ ಗೂಡಿಗೆ ಬಿಡಬಹುದೇ? ಬೇರೆ ಗೂಡು ಇಲ್ಲ.
– ಓದುಗ, ಕುಂಬಳೆ

ಉತ್ತರ: ಬೇಡ. ಕೋಳಿಯ ಹೊಟ್ಟೆಯ ಹುಳದ ಮೊಟ್ಟೆಯಿಂದ ಬ್ಲ್ಯಾಕ್‌ಹೆಡ್ ಅನ್ನುವ ರೋಗ ಟರ್ಕಿಗೆ ಬರುತ್ತದೆ. ಕೋಳಿ ಆರಾಮಾಗಿ ಇರುತ್ತದೆ, ಟರ್ಕಿ ಸಾಯುತ್ತದೆ. ಹಿಕ್ಕೆ ಗಂಧಕದ ಹಾಗೆ ಹಳದಿಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಗೂಡು ಕಟ್ಟುವವರೆಗೆ ಹಟ್ಟಿಯ ಮೂಲೆಯಲ್ಲಿ ಬಲೆ ಕಟ್ಟಿಯಾದರೂ ಬೇರೆ ಇಡಿ. ಕೋಳಿ ಮೇಯುವ ಜಾಗದಲ್ಲಿ ಟರ್ಕಿ ಬಿಡಬೇಡಿ.

ಪ್ರಶ್ನೆ: ಸೋತ ಮರಿಗೆ ಶಕ್ತಿ ಬರಲಿ ಅಂತ ನೆಲಗಡಲೆ ಹಿಂಡಿ ಕೊಡುತ್ತಿದ್ದೇನೆ. ಅಂಗಡಿಯವರು ಸ್ವಲ್ಪ ಬೂಸ್ಟು ಬಂದದ್ದನ್ನು ಅರ್ಧ ಕ್ರಯಕ್ಕೆ ಕೊಡುತ್ತಾರೆ.
– ಓದುಗ, ಮುಳ್ಳೇರಿಯ

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಸ್ಟು ಹಿಡಿದ ನೆಲಗಡಲೆ ಹಿಂಡಿ. ಅದರಲ್ಲಿದ್ದ ವಿಷಕ್ಕೇ ಆಮೇಲೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಅದು ಯಕೃತ್ತನ್ನೇ (ಲಿವರ್) ಹಾಳು ಮಾಡುತ್ತದೆ. ಬೇಯಿಸಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಬೂಸ್ಟು ಬಂದ ತೆಂಗಿನ ಹಿಂಡಿಯೂ ಬೇಡ. ಆ ದುಡ್ಡಿಗೆ ದಿನಕ್ಕೊಂದು ಮೊಟ್ಟೆ ಬೇಯಿಸಿ ಹಾಕಿ. ಉಳಿದ ಹಿಂಡಿಯನ್ನು ದನಕ್ಕೂ ಕೊಡಬೇಡಿ, ಹೂತು ಹಾಕಿ.